ಗೌರಾಬಾಯಿಯ ಬಾಡಿಗೆಯವರು

ಮಗ ಅಂಗಿ ಕಳಚಿ ಕೈಕಾಲು ತೊಳೆಯಲು ಹಿತ್ತಲಿಗೆ ಬಂದಾಗ ಅವನ ಕೊರಳಲ್ಲಿ ಬೆಳ್ಳಿಯ ಕರಡಿಗೆ ತೂಗಾಡುವುದು ಹೊಳೆವ್ವನ ಕಣ್ಣಿಗೆ ಬಿತ್ತು. ತಂಬಿಗೆಯಿಂದ ನೀರು ಹಾಕುತ್ತಿದ್ದ ಅವಳ ಕೈ ಹಾಗೇ ನಿಂತಿತು. ಅಮೋಘಸಿದ್ಧ ದೇವರ ಅರಿಶಿನ ಭಂಡಾರ ಹಚ್ಚಿ ಬೆಳೆಸಿದ ಕುರುಬರ ಮನೆಯ ಹುಡುಗ ಅವನು. ಲಿಂಗವಂತರು ಕಟ್ಟಿಕೊಳ್ಳುವ ಲಿಂಗ ಇವನ ಎದೆಯ ಮೇಲೆ ಹೇಗೆ ಬಂತು ಎಂಬುದು ಅವಳಿಗೆ ಬಗೆಹರಿಯಲಿಲ್ಲ.

“ಇದೇನೋ ಯಪ್ಪಾ?”

“ಮನಿ ಸಿಕ್ಕೈತಿ ಬೇ,” ಅಂದ ಯಲಗೂರಪ್ಪ. “ನಿನ್ನ, ಹುಚ್ಚವ್ವನ್ನ ಕರಕೊಂಡು ಹೋಗಾಕ ಬಂದೀನಿ.”

ಅದು ಯುದ್ಧದ ಕಾಲ. ವಿಜಾಪುರದಲ್ಲಿ ರೇಶನ್ ಕಚೇರಿ ತೆರೆದು, ಮುಲ್ಕಿ ಪರೀಕ್ಷೆ ಪಾಸಾದ ಹುಡುಗರಿಗೆ ಕಾರಕೂನಿಕೆ ಸಿಗತೊಡಗಿತ್ತು. ತಿಕೋಟಾದ ಕುರುಬರ ಓಣಿಯಲ್ಲಿ ಮುಲ್ಕಿ ಪಾಸಾದವನು ಯಲಗೂರಪ್ಪ ಒಬ್ಬನೇ. ಅವನಿಗೆ ನೌಕರಿ ಸಿಕ್ಕಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಎಲ್ಲಿ ಹೋದರೂ ಮನೆಯವರು ಮೊದಲು ಹೆಸರು ಕೇಳುವರು, ಆಮೇಲೆ ಅಪ್ಪನ ಕಸುಬು ಕೇಳುವರು, ಆಮೇಲೆ ಖೋಲಿ ನೆಂಟರಿಗೆ ಬೇಕಾಗಿದೆ ಅನ್ನುವರು. ಒಂದು ಕಡೆಯಂತೂ ಮುಂಗಡ ತೆಗೆದುಕೊಂಡವರು ಸಂಜೆ ಕಚೇರಿಯ ತನಕ ಬಂದು ಎಲ್ಲರ ಎದುರಿಗೇ ಅದನ್ನು ತಿರುಗಿಸಿ ಕೊಟ್ಟು ಹೋಗಿದ್ದರು. ಮಳೆಗಾಲವೆಲ್ಲ ಅವನು ಕಚೇರಿಯ ಕಟ್ಟೆಯ ಮೇಲೆ ಮಲಗಿದ. ಕಡೆಗೆ ಕೋಟೆಯ ಒಳಗೆ ಗೌರಾಬಾಯಿ ಎಂಬ ವಿಧವೆಯ ಮನೆಯ ಮುಂಭಾಗ ಖಾಲಿ ಇದೆ ಎಂದು ಕೇಳಿ ಹೋದ. ಆಕೆ ಲಿಂಗವಂತರೇನು ಎಂದು ಕೇಳಿದಾಗ ಅವನ ಬಾಯಿಂದ “ಹೌದ್ರಿ” ಎಂದು ಬಂದೇ ಬಿಟ್ಟಿತು. ಆಡಿದ ಮಾತಿಗೆ ತಕ್ಕಂತೆ ಮರುದಿನ ಪೇಟೆಗೆ ಹೋಗಿ ಕರಡಿಗೆ ಕೊಂಡ.

ಇದನ್ನೆಲ್ಲ ಅವನು ಊಟಕ್ಕೆ ಕೂತಾಗ ಹೇಳಿದ. ಎದುರಿಗೆ ಕೂತಿದ್ದ ಅಪ್ಪ ಅಮೋಘಿ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದ. ಊಟ ಮುಗಿದ ಮೇಲೆ ಮಗನ ಹತ್ತಿರ ಸರಿದು, ಕುರಿಮರಿಯ ಮೈ ಮುಟ್ಟುವ ಹಾಗೆ ಮೆಲ್ಲಗೆ ಕರಡಿಗೆಯನ್ನು ಮುಟ್ಟಿದ.

“ಇದರೊಳಗ ದೇವ್ರ ಅದಾನೇನು?”

“ಅದಾನ ಯಪ್ಪಾ.”

“ಹಂಗಾರ ಸುಳ್ಳ ಹೇಳಾಕ ಅವನ್ನ ಯಾಕ ಜೋಡಿ ಕರಕೊಂಡ ಹೊಂಟಿ?”

ಮಗ ಕರಡಿಗೆಯನ್ನು ಅಪ್ಪನ ಬೆರಳಿನಿಂದ ಬಿಡಿಸಿಕೊಂಡ. ಕುರಿ ಬಿಟ್ಟು ತಾನು ಬರುವುದಿಲ್ಲ, ಸೊಸೆ ಹುಚ್ಚವ್ವ ಬಸುರಿ, ಅವಳ ಜೊತೆ ಅತ್ತೆ ಇರಲಿ ಎಂದು ಅಮೋಘಿ ಎದ್ದು ಹೋದ.

ಬಂಡಿ ತೊರವಿ ದಾಟುವಾಗ ಯಲಗೂರಪ್ಪ ಇಬ್ಬರಿಗೂ ಹೊಸ ಹೆಸರು ಹೇಳಿದ. ಹೊಳೆವ್ವ ಇನ್ನು ಮೇಲೆ ಗುರುಬಸವ್ವ. ಬಬಲೇಶ್ವರದಿಂದ ಸೊಸೆಯಾಗಿ ಬಂದ ಹುಚ್ಚವ್ವ ಕಾಶಿಬಾಯಿ. ಕುರಿಯ ಮಾತು ಎತ್ತಬಾರದು, ಭಂಡಾರ ಹಚ್ಚಬಾರದು, ಖಂಡದ ಅಡುಗೆಯಂತೂ ದೂರದ ಮಾತು. ಅಪ್ಪ ಎಲ್ಲಿ ಎಂದು ಕೇಳಿದರೆ ಊರಲ್ಲಿ ಹೊಲಮನೆ ನೋಡಿಕೊಂಡಿದ್ದಾರೆ ಅನ್ನಬೇಕು. ಹೆಂಗಸರ ಕೊರಳಿಗೂ ಕಟ್ಟಲೆಂದು ತಂದ ಕರಡಿಗೆಗಳನ್ನು ಅವನು ಹೊರಗೆ ತೆಗೆದಾಗ ಹೊಳೆವ್ವ ಮುಟ್ಟಲಿಲ್ಲ. ಸೀರೆಯ ಅಂಚಿನ ತುಂಡಿನಲ್ಲಿ ಒಂದೊಂದು ಚಿಟಿಕೆ ಭಂಡಾರ ಗಂಟು ಕಟ್ಟಿ ತನ್ನ ಕೊರಳಿಗೂ ಸೊಸೆಯ ಕೊರಳಿಗೂ ಹಾಕಿದಳು. ಸೆರಗಿನ ಕೆಳಗೆ ಅದು ಲಿಂಗವಲ್ಲವೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಗೌರಾಬಾಯಿಯ ಮನೆ ಕಲ್ಲಿನದು, ಮಣ್ಣಿನ ಮಾಳಿಗೆಯದು. ಎದುರಿಗೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಸೇದುವ ಬಾವಿ. ಮಗಳನ್ನು ಸೊಲ್ಲಾಪುರದ ಕಡೆ ಕೊಟ್ಟು ಒಬ್ಬಳೇ ಉಳಿದಿದ್ದಳು. ಮಾತು ಒರಟು, ಕೈ ಧಾರಾಳ. ರೇಶನ್ನಿನ ಜೋಳದಲ್ಲಿ ಕಲ್ಲೇ ಹೆಚ್ಚು ಎಂದು ಬೈದು ನೆಲದ ಹಗೇವಿನಲ್ಲಿ ಕಾದಿಟ್ಟ ತನ್ನ ಜೋಳವನ್ನು ಮೊರದಲ್ಲಿ ತಂದು ಸುರಿದಳು. ಬಸುರಿಯ ಮುಖ ಬಿಳಿಚಿದ್ದನ್ನು ನೋಡಿ ಅಳವಿಯ ಉಂಡೆ ಕಟ್ಟಿಕೊಟ್ಟಳು. ಆಕೆ “ಕಾಶಿಬಾಯಿ” ಎಂದು ಕರೆದಾಗಲೆಲ್ಲ ಹುಚ್ಚವ್ವ ಯಾರನ್ನೋ ಕರೆದರೆಂದು ಸುಮ್ಮನಿರುವಳು. ಹುಡುಗಿಗೆ ಕಿವಿ ಮಂದವೇನು ಎಂದು ಗೌರಾಬಾಯಿ ಹೊಳೆವ್ವನನ್ನು ಕೇಳಿದಳು. ಒಂದೀಟು ಮಂದ ಎಂದು ಹೊಳೆವ್ವ ಹೇಳಿದಳು. ಅಂದಿನಿಂದ ಗೌರಾಬಾಯಿ ಹುಚ್ಚವ್ವನ ಹತ್ತಿರ ಕೂಗಿ ಕೂಗಿ ಮಾತಾಡತೊಡಗಿದಳು. ಮೊದಮೊದಲು ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ನಗು ನಿಂತಿತು.

ದಿನಗಳು ಕಳೆದಂತೆ ಹೊಳೆವ್ವನಿಗೆ ಆ ಮನೆಯಲ್ಲಿ ಇರುವುದು ಕಷ್ಟವಾಗತೊಡಗಿತು. ಸಂಜೆ ಗೌರಾಬಾಯಿ ಪೂಜೆಗೆ ಕೂತಾಗ ಇವರೂ ಲಿಂಗಪೂಜೆಗೆ ಕೂತವರ ಹಾಗೆ ತಮ್ಮ ಖೋಲಿಯ ಬಾಗಿಲು ಮುಂದೆ ಮಾಡಿಕೊಂಡು, ಪೂಜೆ ಮುಗಿಯುವಷ್ಟು ಹೊತ್ತು ಸುಮ್ಮನೆ ಗೋಡೆ ನೋಡುತ್ತ ಕೂಡಬೇಕಿತ್ತು. ಹುಚ್ಚವ್ವನಿಗೆ ಒಣಖಂಡದ ಸಾರಿನ ಬಯಕೆ ಹತ್ತಿತು. ಪುಂಡಿಪಲ್ಲೆ, ಝುಣಕ ಯಾವುದೂ ಒಳಗೆ ಇಳಿಯದು. ಹೊಳೆವ್ವ ಒಂದು ದಿನ ಮಗನಿಗೆ ಬಡಿಸುತ್ತ ಮಾತು ತೆಗೆದಳು.

“ಬಸುರಿ ಹೆಂಗಸು. ಒಂದಿನ ಊರಿಗೆ ಕರಕೊಂಡ ಹೋಗಿ ಉಣ್ಣಿಸಿಕೊಂಡ ಬರ್ತೀನಿ.”

“ಕಚೇರಿ ಬಿಟ್ಟು ನಾ ಬರಾಕ ಆಗೂದಿಲ್ಲ. ನೀವಿಬ್ರ ಹೋದ್ರ ಗೌರಾಬಾಯಾರು ಯಾಕಂತ ಕೇಳ್ತಾರ.”

“ಊರಿಗೆ ಹೋಗೂದೂ ತಪ್ಪಾತೇನು?”

“ತಪ್ಪಲ್ಲ ಬೇ. ಒಂದ ಸುಳ್ಳಿಗೆ ಇನ್ನೊಂದ ಹೇಳಿ ಹೇಳಿ ನನಗ ಸಾಕಾಗೇತಿ. ಹೆರಿಗಿ ತನಕಾ ತಡಕೋರಿ.”

“ಆಮ್ಯಾಲ? ಕೂಸಿಗೆ ಏನಂತ ಹೆಸರ ಇಡ್ತಿ?”

ಯಲಗೂರಪ್ಪ ಕೈ ತೊಳೆಯಲು ಎದ್ದುಬಿಟ್ಟ. ಅರ್ಧ ರೊಟ್ಟಿ ಹಾಗೇ ಉಳಿಯಿತು. ಹುಚ್ಚವ್ವ ಆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಲಸಿ ತಾನೇ ಉಂಡಳು.

ಮುಂದೆ ಕೆಲವು ವಾರಕ್ಕೆ, ಒಂದು ರವಿವಾರ ಮಧ್ಯಾಹ್ನ, ಅಮೋಘಿ ಬಂದ.

ಕಚೇರಿಗೆ ಸೂಟಿ. ಗೌರಾಬಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಹೊಳೆವ್ವ ಎದುರಿಗೆ ಕೂತು ಕಲ್ಲು ಆರಿಸುತ್ತಿದ್ದಳು. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಭಂಡಾರ, ಕೈಯಲ್ಲಿ ಕೋಲು ಹಿಡಿದು ಓಣಿಯ ತಿರುವಿನಲ್ಲಿ ಬಂದವನು ಗಂಡನೇ ಎಂದು ಗುರುತಿಸಲು ಹೊಳೆವ್ವನಿಗೆ ಒಂದು ಗಳಿಗೆ ಹಿಡಿಯಿತು. ಅವನ ನಡಿಗೆ ಬದಲಾಗಿತ್ತು. ಕೋಲಿನಿಂದ ನೆಲ ಮುಟ್ಟಿ ಮುಟ್ಟಿ ಹೆಜ್ಜೆ ಇಡುತ್ತಿದ್ದ. ಕಟ್ಟೆಯ ಮುಂದೆ ನಿಂತು, ಎದುರಿಗೆ ಹೆಂಡತಿಯೇ ಕೂತಿದ್ದರೂ, ಯಲಗೂರಪ್ಪ ಕಾರಕೂನರ ಮನೆ ಇದೇ ಏನು ಎಂದು ಕೇಳಿದ.

ಯಾರು ನೀನು ಎಂದು ಗೌರಾಬಾಯಿ ಕೇಳಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಯಲಗೂರಪ್ಪ ಒಳಗಿನಿಂದ ಓಡಿ ಬಂದ. ಮುಖ ಸುಣ್ಣವಾಗಿತ್ತು.

“ನಮ್ಮ ಆಳರಿ,” ಅಂದ. “ಊರಿಂದ ಅಪ್ಪ ಕಳಿಸ್ಯಾರ. ಕುರಿ ಕಾಯತಾನ.”

ಹೊಳೆವ್ವನ ಮೊರದಿಂದ ಜೋಳ ಚೆಲ್ಲಿತು. ಅವಳಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಮಗನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಗಂಡನ ಮುಖ ನೋಡಿದಳು. ಅಮೋಘಿ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಆಮೇಲೆ ಹೆಗಲ ಮೇಲಿನ ಕಂಬಳಿಯನ್ನು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು, ಸೊಂಟ ಬಗ್ಗಿಸಿ ಕೈ ಮುಗಿದ.

“ಹೌದ್ರಿ ತಾಯಿ. ಆಳ ಮನಷ್ಯಾರಿ ನಾ.”

ಬಿಸಿಲಲ್ಲಿ ಬಂದಿದ್ದಾನೆ, ಪಾಪ, ಎಂದು ಗೌರಾಬಾಯಿ ಮರುಗಿದಳು. ಗುರುಬಸವ್ವ ನೀರು ಕೊಡಲಿ, ಎರಡು ರೊಟ್ಟಿಯನ್ನೂ ಕೊಡಲಿ ಎಂದಳು. ಹೊಳೆವ್ವ ಮನೆಯ ತಾಮ್ರದ ತಂಬಿಗೆಯನ್ನು ತಂದು ಗಂಡನ ಕೈಗೆ ಕೊಡಹೋದಾಗ ಆಕೆಯೇ ತಡೆದಳು.

“ತಂಬಿಗಿ ಕೈಯಾಗ ಕೊಡಬ್ಯಾಡ ಗುರುಬಸವ್ವಾ. ಮ್ಯಾಲಿಂದ ಹಾಕು.”

ಅಮೋಘಿ ಆಗಲೇ ಕಟ್ಟೆಯ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಬೊಗಸೆ ಒಡ್ಡಿದ್ದ. ಹೊಳೆವ್ವ ತಂಬಿಗೆ ಬಗ್ಗಿಸಿದಳು. ನೀರು ಬೊಗಸೆ ತಪ್ಪಿ ಅವನ ಮೊಣಕೈಗುಂಟ ಹರಿಯಿತು. ಅವನೇ ಬೊಗಸೆಯನ್ನು ಅತ್ತಿತ್ತ ಸರಿಸಿ ಧಾರೆಗೆ ಹಿಡಿದು ಕುಡಿದ. ಇಪ್ಪತ್ತೈದು ವರ್ಷ ಒಂದೇ ತಾಟಿನಲ್ಲಿ ಉಂಡ ಗಂಡ. ಅವಳ ಕೈಯ ತಂಬಿಗೆ ಬೀಳಲಿಲ್ಲ, ಬಾಯಿ ತೆರೆಯಲಿಲ್ಲ. ತಾನು ಯಾಕೆ ಬಾಯಿ ತೆರೆಯಲಿಲ್ಲ ಎಂದು ಆಮೇಲೆ ಅವಳು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು.

ಎಲೆಯ ಮೇಲೆ ಇಟ್ಟ ರೊಟ್ಟಿಯನ್ನು ಅವನು ಉಣ್ಣುತ್ತಿದ್ದಾಗ ಗೌರಾಬಾಯಿ ಊರಿನ ಸುದ್ದಿ ಕೇಳಿದಳು. ಧಣಿಗಳು ಹೇಗಿದ್ದಾರೆ, ಮಗನ ಮನೆ ನೋಡಲು ಇನ್ನೂ ಯಾಕೆ ಬಂದಿಲ್ಲ ಅಂದಳು.

“ಅರಾಮ ಅದಾರ್ರಿ ಧಣೇರು,” ಅಂದ ಅಮೋಘಿ. “ಕಣ್ಣಿಗೆ ಅಷ್ಟ ಪರಿ ಬಂದೈತಿ. ಒಂದು ಪೂರಾ ಹೋಗೇತಿ. ಇನ್ನೊಂದರಾಗ ನೆಳ್ಳ ಕಂಡಂಗ ಕಾಣ್ತೈತ್ರಿ. ಇಲ್ಲಿ ದವಾಖಾನ್ಯಾಗ ಪರಿ ತಗೀತಾರಂತಲ್ಲ, ಅದಕ ನಾಕ ದಿನ ಮಗನ ಮನ್ಯಾಗ ಇರೂಣಂತ ಮಾಡಿದ್ರು.”

ಗಂಡನ ಕಣ್ಣು ಹೋದದ್ದು ಹೊಳೆವ್ವನಿಗೆ ಗೊತ್ತಿರಲಿಲ್ಲ.

“ಬರ್ಲಿ ಮತ್ತ,” ಅಂದಳು ಗೌರಾಬಾಯಿ. “ಮಗನ ಮನಿಗೆ ಬರಾಕ ಏನ ಸಂಕೋಚ? ಪಡಸಾಲ್ಯಾಗ ಹೊರಸ ಹಾಕಿಸಿ ಕೊಡ್ತೀನಿ. ಹೇಳ ನಿಮ್ಮ ಧಣೇರಿಗೆ.”

“ಹೇಳ್ತೀನ್ರಿ. ಬರಾಕಿಲ್ಲ ಅನಸ್ತೈತಿ. ಅವರಿಗೆ ಊರ ಬಿಟ್ಟ ಒಗ್ಗೂದಿಲ್ರಿ.”

ಅವನು ಎಲೆ ಎತ್ತಿ, ಕೂತ ಜಾಗವನ್ನು ತಾನೇ ಸಾರಿಸಿ ಎದ್ದ. ದೂರದಿಂದ ಬಂದವನ ಕೈಯಲ್ಲಿ ಏನಾದರೂ ಇಡಿರಿ ಎಂದು ಗೌರಾಬಾಯಿ ಯಲಗೂರಪ್ಪನಿಗೆ ಹೇಳಿದಳು. ಯಲಗೂರಪ್ಪ ಕಿಸೆಯಿಂದ ಎರಡಾಣೆಯ ಬಿಲ್ಲೆ ತೆಗೆದು ಅಪ್ಪನ ಅಂಗೈಯಲ್ಲಿ ಇಟ್ಟ. ಅಮೋಘಿ ಅದನ್ನು ಕಣ್ಣಿಗೆ ಒತ್ತಿಕೊಂಡು, ಬರ್ತೀನ್ರಿ ಎಂದು ಕೋಲಿನಿಂದ ನೆಲ ಮುಟ್ಟುತ್ತ ಓಣಿ ಇಳಿದು ಹೋದ.

ಒಳಗೆ ಹುಚ್ಚವ್ವ ಒಲೆಯ ಮುಂದೆ ಕೂತು ಸದ್ದಿಲ್ಲದೆ ಅಳುತ್ತಿದ್ದಳು. ಮಾವ ತನ್ನ ದನಿ ಕೇಳಲೆಂದು ಕಿಟಕಿಯ ಕಡೆ ಎರಡು ಸಲ ಮುಖ ತಿರುಗಿಸಿದ, ತಾನು ಕೆಮ್ಮಲೂ ಇಲ್ಲ ಅಂದಳು. ಹೊಳೆವ್ವ ತಂಬಿಗೆಯನ್ನು ನೆಲದ ಮೇಲೆ ಇಟ್ಟಳು. ಸೆರಗು ಬಿಗಿದು ಹೊರಗೆ ನಡೆದಳು. ಎಲ್ಲಿಗೆ ಎಂದು ಮಗ ಬಾಗಿಲಲ್ಲಿ ತಡೆದ. ಅವನ ಕೈಯನ್ನು ಬಾಗಿಲಪಡಿ ಸರಿಸಿದ ಹಾಗೆ ಸರಿಸಿ ಹೋದಳು.

ಕೋಟೆಯ ಪಡುವಣ ಅಗಸಿ ಬಾಗಿಲು ದಾಟಿ ತೊರವಿಯ ಹಾದಿ ಹಿಡಿದ ಮೇಲೆ ಒಂದು ಬೇವಿನ ಗಿಡದ ಕೆಳಗೆ ಅವನು ಕೂತದ್ದು ಕಂಡಿತು. ಅವಳ ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದ.

“ಯಾಕ ಬಂದಿ? ಆಕಿ ಅನುಮಾನ ಪಡತಾಳ.”

“ನೀ ಯಾಕ ಹಂಗ ಆಡಿದಿ?” ಹೊಳೆವ್ವ ಅವನ ಎದುರಿಗೆ ನಿಂತು ಕೇಳಿದಳು. “ನಾಕ ಮಂದಿ ಕೇಳೂ ಹಂಗ ಅವನ ಕಪಾಳಕ್ಕ ಹೊಡೀಬೇಕಾಗಿತ್ತು. ಕೈ ಮುಗದು ನಿಂತಿ.”

ಅಮೋಘಿ ಕೋಲನ್ನು ಪಕ್ಕಕ್ಕೆ ಇಟ್ಟ.

“ಅವನ ಮಾರಿ ನನಗ ಕಾಣಲಿಲ್ಲ. ದನಿ ಅಷ್ಟ ಕೇಳ್ತು,” ಅಂದ. “ಸಣ್ಣಾಂವ ಇದ್ದಾಗ ತ್ವಾಳ ಬಂದ್ವು ಅಂತ ಹಟ್ಟ್ಯಾಗ ಓಡಿ ಬಂದಿದ್ದ ನೋಡು, ಹಂಗ ಇತ್ತು ದನಿ. ಹೆದರಿದ್ದ ಹುಡುಗ. ಅಷ್ಟ ಹೆದರಿದಾವನ್ನ ಹೆಂಗ ಹೊಡೀಲಿ?”

ಹೊಳೆವ್ವ ಅವನ ಪಕ್ಕ ಕೂತಳು. ತುಂಬಿ ಬಂದ ಸಿಟ್ಟು ಎಲ್ಲಿಗೋ ಇಳಿಯಿತು. ಕಣ್ಣಿನ ಸಂಗತಿ ಯಾಕೆ ಹೇಳಿ ಕಳಿಸಲಿಲ್ಲ ಎಂದು ಕೇಳಿದಳು. ಹೇಳಿ ಕಳಿಸಿದ್ದರೆ ಮಗ ಬರಬೇಡ ಅನ್ನುತ್ತಿದ್ದ, ಅದಕ್ಕೇ ತಾನೇ ಬಂದೆ ಅಂದ. ಬಿಸಿಲು ಇಳಿಯುವ ತನಕ ಇಬ್ಬರೂ ಅಲ್ಲೇ ಕೂತರು. ಆಮೇಲೆ ಅವಳು ಅವನ ಕೈ ಹಿಡಿದು ಎಬ್ಬಿಸಿ ಗೌರಾಬಾಯಿಯ ಮನೆಯ ಕಡೆಗೆ ತಿರುಗಿಸಿದಳು.

“ಬ್ಯಾಡ,” ಅಂದ ಅಮೋಘಿ. “ಹುಡುಗನ ಮನಿ ಹೋಗ್ತೈತಿ. ಹುಡಿಗಿ ಬಸುರಿ ಅದಾಳ.”

“ಹೋಗ್ಲಿ. ನಿನಗ ಮ್ಯಾಲಿಂದ ನೀರ ಹಾಕೀನಿ. ಈ ಕೈಲೆ ಆ ಮನ್ಯಾಗ ಇನ್ನ ರೊಟ್ಟಿ ಬಡ್ಯಾಕ ನನಗ ಆಗೂದಿಲ್ಲ.”

ಅವರು ಬಂದಾಗ ಗೌರಾಬಾಯಿ ಪಡಸಾಲೆಯಲ್ಲಿ ದೀಪ ಹಚ್ಚುತ್ತಿದ್ದಳು. ಹೊಳೆವ್ವ ಗಂಡನನ್ನು ಹೊಸ್ತಿಲು ದಾಟಿಸಿ ಚಾಪೆ ಹಾಸಿ ಕೂಡಿಸಿದಳು. ಆಳು ಒಳಗೆ ಬಂದದ್ದನ್ನು ನೋಡಿ ಗೌರಾಬಾಯಿ ದೀಪದ ಕಡ್ಡಿ ಕೈಯಲ್ಲೇ ಹಿಡಿದು ನಿಂತಳು. ಹೊಳೆವ್ವ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ತನ್ನ ಹೆಸರು ಹೊಳೆವ್ವ, ಸೊಸೆಯ ಹೆಸರು ಹುಚ್ಚವ್ವ, ಅವಳ ಕಿವಿ ನೆಟ್ಟಗಿವೆ, ತಾವು ಕುರುಬರು, ಈತ ತನ್ನ ಗಂಡ, ಆ ಹುಡುಗನ ಅಪ್ಪ. ಕಡ್ಡಿ ಉರಿದು ಬೆರಳಿಗೆ ತಾಗಿದಾಗ ಗೌರಾಬಾಯಿ ಅದನ್ನು ಬಿಟ್ಟಳು. ಬಾಗಿಲ ಹತ್ತಿರ ಕಲ್ಲಾಗಿದ್ದ ಯಲಗೂರಪ್ಪನ ಕಡೆ ತಿರುಗಿದಳು.

“ಹೌದೇನ್ರಿ? ಯಾರಿವರು?”

ಆಕೆ ಮತ್ತೆ ಕೇಳಿದಳು. ಅವನು ಹೌದೆಂದು ಬರೀ ಗೋಣು ಹಾಕಿದ.

ಗೌರಾಬಾಯಿ ಕಂಬಕ್ಕೆ ಆತು ಕೂತಳು. ಕೂಗಲಿಲ್ಲ.

“ನನಗ ಸಿಟ್ಟ ಬಂದಿಲ್ಲ ಅಂದ್ರ ಸುಳ್ಳ. ಬಂದೈತಿ. ನನ್ನ ಬಾವಿ, ನನ್ನ ಒಲಿ, ಎಲ್ಲಾ ಮುಟ್ಟೀರಿ. ಲಿಂಗ ಕಟ್ಟಿಕೊಂಡದ್ದ ತಪ್ಪಂತ ನಾ ಅನ್ನೂದಿಲ್ಲ, ಮನಿ ಸಲುವಾಗಿ ಕಟ್ಟಿಕೊಂಡ್ರಿ. ಅದನ್ನೂ ಬಿಡ್ರಿ. ಹೇಂತಿ ಕೈಲೆ ಗಂಡಗ ಮ್ಯಾಲಿಂದ ನೀರ ಹಾಕಿಸಿದೆ ನಾ. ಈ ಬಾಯಿಲೆ ಹೇಳಿದೆ. ಆ ಪಾಪದಾಗ ನನ್ನ ಯಾಕ ಕೂಡಿಸಿಕೊಂಡ್ರಿ?”

ಅಮೋಘಿ ಏಳಹೋದ. ಕೂಡ್ರಿ ಎಂದಳು ಗೌರಾಬಾಯಿ. ಅವನಿಗೆ ಬಹುವಚನ ಹಚ್ಚಿದಳು. ಅಮಾವಾಸ್ಯೆಯೊಳಗೆ ಮನೆ ಬಿಡಬೇಕು, ಕರಡಿಗೆಯನ್ನು ಮಠಕ್ಕೆ ಒಪ್ಪಿಸಬೇಕು ಎಂದು ಹೇಳಿ ಒಳಗೆ ಹೋದಳು. ಆ ರಾತ್ರಿಯ ಊಟಕ್ಕೆ ನಾಲ್ಕು ಜನರಿಗಾಗುವಷ್ಟು ನುಚ್ಚು, ಮಜ್ಜಿಗೆ ಆಕೆಯ ಅಡುಗೆಮನೆಯಿಂದ ಬಂತು. ತಂದಿಟ್ಟು ಮಾತಾಡದೆ ಹೋದಳು. ಅದರ ಮರುದಿನದಿಂದ ಬಾವಿಯ ಹಗ್ಗವನ್ನು ಒಳಗೆ ಇಟ್ಟುಕೊಂಡಳು.

ಯಲಗೂರಪ್ಪ ಬೆಳಿಗ್ಗೆ ಊಟಕ್ಕೆ ಕೂರಲಿಲ್ಲ. ಅವ್ವನ ಎದುರಿಗೆ ನಿಂತು, ತಾನು ಮಳೆಗಾಲವೆಲ್ಲ ನಾಯಿಯ ಜೊತೆ ಮಲಗಿದ್ದು ಇದಕ್ಕೇ ಏನು, ಒಂದು ಮನೆ ಹುಡುಕಿದ್ದನ್ನು ಒಂದು ಸಂಜೆಯಲ್ಲಿ ಹಾಳು ಮಾಡಿದೆ, ಕಚೇರಿಯಲ್ಲಿ ಇನ್ನು ಹೇಗೆ ಮುಖ ತೋರಿಸಲಿ ಎಂದು ಬೈದ. ಹೊಳೆವ್ವ ರೊಟ್ಟಿ ಬೇಯಿಸುತ್ತಲೇ ಇದ್ದಳು. ಕಿವಿ ಮಂದದ ಸೊಸೆಯೇ ಎದ್ದು ನಿಂತಳು.

“ನಿಮ್ಮಪ್ಪನ ಅಂಗೈಯಾಗ ಎರಡಾಣೆ ಇಟ್ರಿ,” ಅಂದಳು ಹುಚ್ಚವ್ವ. “ನಾ ಕಿಡಕ್ಯಾಗಿಂದ ನೋಡೀನಿ. ನನ್ನ ಹೊಟ್ಟ್ಯಾಗ ಗಂಡ ಐತೋ ಹೆಣ್ಣ ಐತೋ ಗೊತ್ತಿಲ್ಲ. ಗಂಡಾದ್ರ ನನಗ ಅಂಜಿಕಿ ಬರ್ತೈತಿ.”

ಮದುವೆಯಾದಾಗಿನಿಂದ ಅವಳು ಗಂಡನಿಗೆ ಎದುರಾಡಿದ್ದು ಅದೇ ಮೊದಲು. ಯಲಗೂರಪ್ಪ ಹೊಡೆಸಿಕೊಂಡವನ ಹಾಗೆ ನಿಂತು, ಟೊಪ್ಪಿಗೆ ಹಾಕಿಕೊಂಡು ಹೊರಟುಹೋದ. ಅಂದಿನಿಂದ ಮನೆಯಲ್ಲಿ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ.

ಹೊಸ ಮನೆಯನ್ನು ಹೊಳೆವ್ವನೇ ಹುಡುಕಿದಳು. ಸೊಲ್ಲಾಪುರ ರಸ್ತೆಯಲ್ಲಿ ಮಲ್ಲಿಕಸಾಬ ಎಂಬವನು ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಕೂಡಿಸುವ ಕೆಲಸ ಮಾಡುತ್ತಿದ್ದ. ಅವನ ಅಂಗಳದ ಮೂಲೆಯಲ್ಲಿ ತಗಡಿನ ಖೋಲಿ ಇತ್ತು. ತಾವು ಕುರುಬರು ಎಂದು ಹೊಳೆವ್ವ ಅವನು ಕೇಳುವ ಮೊದಲೇ ಹೇಳಿದಳು. ಅವನು ಕುಲುಮೆಯನ್ನು ತೋರಿಸಿ, ದಿನವಿಡೀ ಹೊಗೆ ಇರುತ್ತದೆ, ಬಸುರಿಗೆ ತ್ರಾಸಾದೀತು, ನೋಡಿಕೊಳ್ಳಿರಿ ಅಂದ. ಒಂದೇ ಖೋಲಿಯಲ್ಲಿ ಒಲೆ, ಹಾಸಿಗೆ, ನಾಲ್ಕು ಜನ. ಬಡಿತದ ಸದ್ದಿಗೆ ತಗಡು ನಡುಗುತ್ತಿತ್ತು. ಹುಚ್ಚವ್ವ ಮೊದಲ ದಿನವೇ ಒಣಖಂಡದ ಸಾರು ಉಂಡು ಬೆವರುತ್ತ ಮಲಗಿದಳು.

ಅಮೋಘಿಯ ಕಣ್ಣಿನ ಪೊರೆ ತೆಗೆಸಲು ದವಾಖಾನೆಗೆ ಹೊಳೆವ್ವನೇ ಕರೆದೊಯ್ದಳು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸಿದರು. ಯಲಗೂರಪ್ಪ ಸಂಜೆ ಬಂದು ಪಟ್ಟಿಯನ್ನು ನೋಡಿದ, ನೋವಿದೆಯೇ ಎಂದು ಅವ್ವನನ್ನು ಕೇಳಿದ. ಅಪ್ಪನನ್ನು ಕೇಳಲಿಲ್ಲ. ನಸುಕಿನಲ್ಲಿ ಅಮೋಘಿಯನ್ನು ಕೈ ಹಿಡಿದು ರಸ್ತೆ ದಾಟಿಸಿ ಬಯಲಿಗೆ ಕರೆದೊಯ್ಯುವ ಕೆಲಸವೂ ಹೊಳೆವ್ವನದೇ ಆಯಿತು.

ಒಂದು ಬೆಳಿಗ್ಗೆ ಹುಚ್ಚವ್ವನಿಗೆ ತಲೆ ತಿರುಗಿ ವಾಂತಿಯಾಯಿತು. ಹೊಳೆವ್ವ ಅವಳ ಹಣೆ ಹಿಡಿದು ಕೂತಿದ್ದಳು. ಅಮೋಘಿ ಗೋಡೆ ತಡವುತ್ತ ಬಾಗಿಲ ತನಕ ಬಂದು, ತಾನೇ ಹೋಗಿ ಬರುತ್ತೇನೆ ಅಂದ. ಯಲಗೂರಪ್ಪ ಹಾಸಿಗೆಯಿಂದ ಎದ್ದ, ತಂಬಿಗೆಯಲ್ಲಿ ನೀರು ತುಂಬಿಕೊಂಡ, ಅಪ್ಪನ ಕೈ ಹಿಡಿದ. ಹೊಳೆವ್ವ ಬಾಗಿಲ ತನಕ ಹಿಂದೆ ಬಂದಳು.

ಆಗಲೇ ಬೆಳಕಾಗಿತ್ತು. ಅವರಿಬ್ಬರೂ ರಸ್ತೆಯ ಅಂಚಿಗೆ ಬರುವಷ್ಟರಲ್ಲಿ ಸೈಕಲ್ಲಿನ ಮೇಲೆ ಹೊರಟಿದ್ದ ಒಬ್ಬ ದೊಡ್ಡ ಮನುಷ್ಯ ಕಾಲು ಊರಿ ನಿಂತ. ಕರಿ ಟೊಪ್ಪಿಗೆ, ಕೋಟು. ಯಲಗೂರಪ್ಪನ ಕಚೇರಿಯ ಹೆಡ್ ಕಾರಕೂನ. ಮಗನ ಬೆನ್ನು ಸೆಟೆದದ್ದು, ಅಪ್ಪನ ಕೈ ಹಿಡಿದ ಕೈ ಸಡಿಲಾದದ್ದು ಬಾಗಿಲಲ್ಲಿದ್ದ ಹೊಳೆವ್ವನಿಗೆ ಕಂಡಿತು.

ಇಷ್ಟು ಬೆಳಿಗ್ಗೆ ಎಲ್ಲಿಗೆ, ಇವರು ಯಾರು ಎಂದು ಆತ ಕೇಳಿದ.

“ನಮ್ಮಪ್ಪರಿ,” ಅಂದ ಯಲಗೂರಪ್ಪ. “ಬೈಲಕಡಿಗೆ ಕರಕೊಂಡ ಹೊಂಟೀನಿ.”

ಹೆದರಿಕೆ ದನಿಯಲ್ಲಿ ಇದ್ದೇ ಇತ್ತು. ಆತ ಅಮೋಘಿಯ ಹಣೆಯ ಭಂಡಾರವನ್ನೂ ಮಗನ ಕೈಯಲ್ಲಿದ್ದ ತಂಬಿಗೆಯನ್ನೂ ಒಮ್ಮೆ ನೋಡಿ, ಸೈಕಲ್ ಹತ್ತಿ ಹೋದ. ಅಮೋ‌ಘಿ ಪಟ್ಟಿ ಕಟ್ಟಿದ ಮುಖವನ್ನು ಮಗನ ಕಡೆಗೆ ತಿರುಗಿಸಿದ.

“ಮುಂದ ತೆಗ್ಗ ಐತೇನೋ?” ಅಂದ.

“ಐತಿ ಯಪ್ಪಾ. ನನ್ನ ಹೆಗಲ ಹಿಡಕೊ. ಕಾಲ ಎತ್ತಿ ಇಡು.”